ಕೃತಜ್ಞತೆಯೂ ಅಹವಾಲೂ: ಹಳೆಯ ಮೈಸೂರಿನ ನಿದರ್ಶನ

ಸುಭಿಕ್ಷವಾದ ನಾಡಿನ ಪ್ರಜೆ ದೂರು ಹೇಳುವುದು ಕೃತಘ್ನತೆಯೆಂದು ಭಾವಿಸುವವರುಂಟು. ಮೈಸೂರು ಸಂಸ್ಥಾನದ ಇತಿಹಾಸ ಈ ಭಾವನೆಯನ್ನು ಸಮರ್ಥಿಸುವುದಿಲ್ಲ.

1876–78ರ ಘೋರ ಕ್ಷಾಮದಿಂದ ನೊಂದಿದ್ದ ಸಂಸ್ಥಾನವು 1881ರಲ್ಲಿ ಒಡೆಯರ ವಂಶಕ್ಕೆ ಮರಳಿತು. ಅದೇ ವರ್ಷದ ಅಕ್ಟೋಬರ್ 7ರಂದು ದಿವಾನ್ ರಂಗಾಚಾರ್ಲು ಅವರು 144 ಸದಸ್ಯರ ಪ್ರಜಾಪ್ರತಿನಿಧಿ ಸಭೆಯನ್ನು ಕೂಡಿಸಿದರು. ಅದಕ್ಕೆ ಶಾಸನಾಧಿಕಾರವಿರಲಿಲ್ಲ, ದಿವಾನರ ವರದಿಯನ್ನು ಆಲಿಸುವುದು, ಅಹವಾಲು ಒಪ್ಪಿಸುವುದು, ಇಷ್ಟೇ ಅದರ ಕಾರ್ಯ. ದಸರೆಯ ಆ ಸಭೆಯಲ್ಲಿ ಪ್ರಭುವಂದನೆಗೂ ಪ್ರಜೆಗಳ ಕುಂದುಕೊರತೆಗಳಿಗೂ ಒಂದೇ ವೇದಿಕೆ ದೊರೆಯಿತು.

ಶಿವನಸಮುದ್ರದ ವಿದ್ಯುತ್ತು (1902), ವಿಶ್ವವಿದ್ಯಾನಿಲಯ (1916), ಕನ್ನಂಬಾಡಿಯ ಅಣೆಕಟ್ಟು ಇವುಗಳಿಂದ ಮೈಸೂರು ‘ಮಾದರಿ ಸಂಸ್ಥಾನ’ವೆನಿಸಿತು. ದೂರು ಮಾತ್ರ ಅಡಗಲಿಲ್ಲ. ವಿದ್ಯೆ ಹರಡಿದಂತೆ ಸರ್ಕಾರಿ ಹುದ್ದೆಗಳಲ್ಲಿ ತಮ್ಮ ಪಾಲೆಲ್ಲಿ ಎಂದು ಬ್ರಾಹ್ಮಣೇತರರು ಕೇಳಿದರು. 1918ರಲ್ಲಿ ಮಿಲ್ಲರ್ ಸಮಿತಿ ನೇಮಕವಾಯಿತು. 1938ರಲ್ಲಿ ಶಿವಪುರದಲ್ಲಿ ಧ್ವಜ ಸತ್ಯಾಗ್ರಹ ನಡೆಯಿತು. ಅದೇ ತಿಂಗಳು ವಿದುರಾಶ್ವತ್ಥದಲ್ಲಿ ಪೊಲೀಸರ ಗುಂಡಿಗೆ ಜನ ಬಲಿಯಾದರು. ಅಹವಾಲು ಹಕ್ಕೊತ್ತಾಯವಾಗಿ ಮಾರ್ಪಟ್ಟಿತ್ತು. 1947ರ ಅಕ್ಟೋಬರಿನಲ್ಲಿ ಕೆ. ಸಿ. ರೆಡ್ಡಿಯವರ ಜವಾಬ್ದಾರಿ ಸರ್ಕಾರ ಅಧಿಕಾರಕ್ಕೆ ಬಂದಿತು.

ಆದರೂ ಅರಮನೆಯ ಮೇಲಿನ ಗೌರವ ಅಳಿಯಲಿಲ್ಲ. 1956ರಲ್ಲಿ ಏಕೀಕೃತ ರಾಜ್ಯಕ್ಕೆ ಜಯಚಾಮರಾಜ ಒಡೆಯರೇ ಮೊದಲ ರಾಜ್ಯಪಾಲರಾದರು. ಪಡೆದುದನ್ನು ಸ್ಮರಿಸಿಕೊಂಡೇ ಪಡೆಯದುದನ್ನು ಕೇಳುವುದು ಪ್ರಜೆಯ ಧರ್ಮವೆಂಬುದಕ್ಕೆ ಈ ಚರಿತ್ರೆಯೇ ಸಾಕ್ಷಿ.