ಅಂಗೈಯಲ್ಲಿ ವಿಮಾನ: ಎರಕದ ಮಾದರಿಗಳ ಚರಿತ್ರೆ ಮತ್ತು ಪರೀಕ್ಷೆ

ಕಳೆದ ದೀಪಾವಳಿಗೆ ಮುಂಚೆ ಕಲೀನಾದಲ್ಲಿರುವ ನಮ್ಮ ಸಂಘದ ಹಿರಿಯ ಸದಸ್ಯೆಯೊಬ್ಬರು ನಮ್ಮನ್ನು ಮನೆಗೆ ಕರೆಸಿ, ಎರಡು ಪುಟ್ಟ ಲೋಹದ ವಿಮಾನಗಳನ್ನು ಮೇಜಿನ ಮೇಲಿಟ್ಟರು. ಉಡುಪಿಯ ಕಡೆಯಿಂದ ಬಂದ ಅವರ ಯಜಮಾನರು ಸಾಂತಾಕ್ರೂಜ್ ವಿಮಾನ ನಿಲ್ದಾಣದಲ್ಲಿ ಎಂಜಿನ್ ದುರಸ್ತಿಯ ಕೆಲಸದಲ್ಲಿ ಆಯುಷ್ಯ ಕಳೆದವರು, ಈಗ ನಮ್ಮೊಂದಿಗಿಲ್ಲ. ಮೇಜಿನ ಮೇಲಿದ್ದುದರಲ್ಲಿ ಒಂದು ಅಲ್ಲಲ್ಲಿ ಬಣ್ಣ ಉದುರಿದ ಬೋಯಿಂಗ್ 707. ಇನ್ನೊಂದು ಮಗ ಈಚೆಗೆ ತಂದೆಗೆಂದು ಕೊಂಡುತಂದ ಥಳಥಳಿಸುವ ಜಂಬೋ. ಹಳೆಯ ಸಾಮಾನಿನ ವ್ಯಾಪಾರಿಯೊಬ್ಬ ಜಂಬೋಗೆ ಒಳ್ಳೆಯ ಬೆಲೆ ಹೇಳಿ, 707ನ್ನು ಗುಜರಿಗೆ ಹಾಕಿರೆಂದು ಸಲಹೆ ಕೊಟ್ಟು ಹೋಗಿದ್ದ. "ಮುಂದಿನ ತಿಂಗಳು ಮಗನ ಮನೆಗೆ ಪುಣೆಗೆ ಹೊರಟಿದ್ದೇನೆ, ಸಾಮಾನು ಕಡಿಮೆ ಮಾಡಬೇಕು. ಯಾವುದನ್ನು ಕೊಡಲಿ, ಯಾವುದನ್ನು ಇಟ್ಟುಕೊಳ್ಳಲಿ, ನೀವೇ ನೋಡಿ ಹೇಳಿ" ಎಂದರು.

ಪ್ರಶ್ನೆ ಚಿಕ್ಕದು. ಆದರೆ ಇಂಥ ವಸ್ತುವಿನ ಗುಣ ತಿಳಿಯಬೇಕಾದರೆ ಅದರ ವಂಶಾವಳಿಯನ್ನು ಅರಿಯದೆ ವಿಧಿಯಿಲ್ಲ. ಆ ಚರಿತ್ರೆಯನ್ನು ಇಲ್ಲಿ ವಾಚಕರ ಮುಂದಿಡುತ್ತಿದ್ದೇವೆ.

ಅಚ್ಚೆರಕದ ಕಲೆ ಹುಟ್ಟಿದ್ದು ಆಟಿಕೆಯ ಅಂಗಡಿಯಲ್ಲಲ್ಲ, ಮುದ್ರಣಾಲಯದಲ್ಲಿ. ಕರಗಿದ ಲೋಹವನ್ನು ಒತ್ತಡದಿಂದ ಅಚ್ಚಿನೊಳಗೆ ತಳ್ಳಿ ಮೊಳೆ ಎರೆಯುವ ಯಂತ್ರಗಳು 19ನೆಯ ಶತಮಾನದ ನಡುವಿನಿಂದಲೇ ಇದ್ದವು. 1886ರಲ್ಲಿ ಆಟ್‌ಮಾರ್ ಮೆರ್ಗೆಂಥಾಲರನ ಲೈನೋಟೈಪ್ ನ್ಯೂಯಾರ್ಕಿನ ಪತ್ರಿಕೆಯೊಂದರಲ್ಲಿ ಕೆಲಸಕ್ಕೆ ತೊಡಗಿ, ಇಡೀ ಸಾಲನ್ನೇ ಒಮ್ಮೆಗೆ ಎರೆಯತೊಡಗಿತು. ಅಕ್ಷರ ಎರೆಯುವ ಉಪಾಯದಿಂದ ಆಟಿಕೆಯನ್ನೂ ಎರೆಯಬಹುದಲ್ಲವೇ ಎಂದು ಯೋಚಿಸಿದವರು ಅಮೆರಿಕದ ಶಿಕಾಗೋ ನಗರದ ಡೌಸ್ಟ್ ಬಂಧುಗಳು. ಅವರ 'ಟೂಟ್ಸಿಟಾಯ್' ಈ ಕುಲದ ಮೂಲಪುರುಷ.

ಇಂಗ್ಲೆಂಡಿನಲ್ಲಿ ಇದಕ್ಕೆ ಹೆಸರು ತಂದವನು ಲಿವರ್‌ಪೂಲಿನ ಫ್ರಾಂಕ್ ಹಾರ್ನ್‌ಬಿ. ನಮ್ಮಲ್ಲಿ ಅನೇಕರು ಬಾಲ್ಯದಲ್ಲಿ ತಿರುಪು ಬಿಗಿದು ಕ್ರೇನು, ಸೇತುವೆ ಕಟ್ಟಿದ ಮೆಕಾನೋ ಅವನದೇ ಸೃಷ್ಟಿ. ಅವನ ಬಿನ್ಸ್ ರಸ್ತೆಯ ಕಾರ್ಖಾನೆಯಿಂದ 1934ರಲ್ಲಿ 'ಡಿಂಕಿ ಟಾಯ್ಸ್' ಹೆಸರಿನಲ್ಲಿ ವಿಮಾನಗಳ ಪೆಟ್ಟಿಗೆಯೊಂದು ಹೊರಬಂತು. ಅದರಲ್ಲಿದ್ದ 'ಇಂಪೀರಿಯಲ್ ಏರ್‌ವೇಸ್ ಲೈನರ್' ನಾಲ್ಕು ಎಂಜಿನ್ನಿನ ಅಟಲಾಂಟಾ ವಿಮಾನದ ಪ್ರತಿಕೃತಿ. ಅದು ನಮಗೆ ತೀರ ಪರಕೀಯವೂ ಅಲ್ಲ: ಅಟಲಾಂಟಾ ವಿಮಾನಗಳು 1933ರಿಂದ ಕರಾಚಿ-ಕಲಕತ್ತೆ ಮಾರ್ಗದಲ್ಲಿ ಹಾರಿದವು. ಇಂಪೀರಿಯಲ್ ಏರ್‌ವೇಸ್ ಕರಾಚಿಗೆ ತಂದ ಅಂಚೆಯನ್ನು ಹೊತ್ತೇ ಜೆ.ಆರ್.ಡಿ. ಟಾಟಾ 1932ರ ಅಕ್ಟೋಬರ್ 15ರಂದು ಮುಂಬಯಿಯ ಜುಹೂಗೆ ಹಾರಿ ಬಂದದ್ದು. ಏರ್ ಇಂಡಿಯಾದ ಚರಿತ್ರೆ ಅಲ್ಲಿಂದಲೇ ಆರಂಭ.

ಆದರೆ ಯುದ್ಧಪೂರ್ವದ ಆ ವಿಮಾನಗಳಲ್ಲಿ ಇಂದು ಅಖಂಡವಾಗಿ ಉಳಿದವು ವಿರಳ. ಮಕ್ಕಳ ಕೈಯಲ್ಲಿ ಮುರಿದವು ಕೆಲವಾದರೆ, ಯಾರೂ ಮುಟ್ಟದೆ ಪೆಟ್ಟಿಗೆಯಲ್ಲಿದ್ದು ತಾವೇ ಪುಡಿಯಾದವು ಹಲವು. ಕಾರಣ ಲೋಹದ ಕಲಬೆರಕೆ. ಈ ಎರಕಕ್ಕೆ ಮುಖ್ಯ ದ್ರವ್ಯ ಸತು. ಅದರಲ್ಲಿ ಅತ್ಯಲ್ಪ ಪ್ರಮಾಣದ ಸೀಸ ಬೆರೆತರೂ, ತೇವ ತಗುಲಿದಾಗ ಲೋಹದ ಕಣಕಣಗಳ ನಡುವೆ ಕೊರೆತ ಹತ್ತುತ್ತದೆ. ಮೊದಲು ರೆಕ್ಕೆ ಉಬ್ಬಿ ಬಾಗುತ್ತದೆ, ಬಳಿಕ ಜೇಡರ ಬಲೆಯಂತೆ ಬಿರುಕು, ಕೊನೆಗೆ ಪುಡಿ. ಸಂಗ್ರಾಹಕರು ಇದನ್ನು ಸತುವಿನ ಪಿಡುಗು ಎನ್ನುತ್ತಾರೆ. ಇದಕ್ಕೆ ಮದ್ದಿಲ್ಲ. ಪರಿಹಾರ ತಿಳಿಯದ ಕಾಲವೂ ಅದಾಗಿರಲಿಲ್ಲ: 1929ರಲ್ಲೇ ಅಮೆರಿಕದ ನ್ಯೂಜೆರ್ಸಿ ಝಿಂಕ್ ಕಂಪನಿ, ನೂರಕ್ಕೆ 99.99ರಷ್ಟು ಶುದ್ಧ ಸತುವಿಗೆ ಸುಮಾರು 4ರಷ್ಟು ಅಲ್ಯೂಮಿನಿಯಂ, ಒಂದಿಷ್ಟು ಮೆಗ್ನೀಸಿಯಂ ಮತ್ತು ತಾಮ್ರ ಸೇರಿಸಿ 'ಝಮಾಕ್' ಎಂಬ ಮಿಶ್ರಲೋಹವನ್ನು ಸಿದ್ಧಪಡಿಸಿತ್ತು. ಆದರೆ ಎರಕದ ಕುಂಡದಲ್ಲಿ ಆ ಶುದ್ಧಿಯನ್ನು ದಿನವೂ ಕಾಯುವವರು ಬೇಕಲ್ಲ! ಆದ್ದರಿಂದ ಪರೀಕ್ಷೆಯಲ್ಲಿ ಮೊದಲ ಅಂಶ ಬಣ್ಣವಲ್ಲ, ಲೋಹ. ಭೂತಗನ್ನಡಿಯಲ್ಲಿ ನೋಡಿದಾಗ ಬಿರುಕು ಬಣ್ಣದಲ್ಲೇ ನಿಂತಿದೆಯೋ ಲೋಹಕ್ಕೂ ಇಳಿದಿದೆಯೋ ಎಂಬುದೇ ಅಳಿವು ಉಳಿವಿನ ಪ್ರಶ್ನೆ.

ಯುದ್ಧಾನಂತರ ಲೋಹ ಸುಧಾರಿಸಿತು. 1952ರ ಮೇ 2ರಂದು ಬ್ರಿಟನ್ನಿನ ಕಾಮೆಟ್ ಜಗತ್ತಿನ ಮೊದಲ ಜೆಟ್ ಪ್ರಯಾಣಿಕ ಸೇವೆಯನ್ನು ಆರಂಭಿಸಿತು. 1954ರಲ್ಲಿ ಎರಡು ಕಾಮೆಟ್‌ಗಳು ಆಕಾಶದಲ್ಲೇ ಛಿದ್ರವಾದುವು. ತಪಾಸಣೆಯಲ್ಲಿ ಕಂಡದ್ದು ಲೋಹದ ದಣಿವು. ಅದೇ ದಶಕದಲ್ಲಿ ಡಿಂಕಿಯ ಕಾಮೆಟ್ ಅಂಗಡಿಗೆ ಬಂತು. ಅವುಗಳಲ್ಲಿ ಎಷ್ಟೋ ಇಂದಿಗೂ ಗಟ್ಟಿಯಾಗಿವೆ. ಆ ಕಾಲದ ಮಾದರಿಗಳಲ್ಲಿ ಸೂಕ್ಷ್ಮ ಕಡಿಮೆ, ಗಟ್ಟಿತನ ಹೆಚ್ಚು. ಮಗುವಿನ ಕೈಯಿಂದ ಬಿದ್ದರೂ ಬಾಳಬೇಕು ಎಂಬುದೇ ಆಗಿನ ಗುಣಮಾಪನ.

1979ರ ನವೆಂಬರಿನಲ್ಲಿ ಬಿನ್ಸ್ ರಸ್ತೆಯ ಕಾರ್ಖಾನೆ ಬಾಗಿಲು ಹಾಕಿತು. ವಿಮಾನದ ಮಾದರಿ ಮಕ್ಕಳ ಕೈಯಿಂದ ದೊಡ್ಡವರ ಕಪಾಟಿಗೆ ಏರಿತು. 1980ರ ದಶಕದಲ್ಲಿ ಜರ್ಮನಿಯ ಶಾಬಾಕ್ 600ರಲ್ಲಿ ಒಂದು ಪಾಲಿನ ಮಾದರಿಗಳನ್ನು, 1990ರ ದಶಕದಲ್ಲಿ ಅಲ್ಲಿಯದೇ ಹೆರ್ಪಾ 500ರಲ್ಲಿ ಒಂದು ಪಾಲಿನವನ್ನು ತಂದವು. ಬಳಿಕ ಡ್ರ್ಯಾಗನ್, ಜೆಮಿನಿ ಜೆಟ್ಸ್ ಮೊದಲಾದವುಗಳಿಂದ 400ರಲ್ಲಿ ಒಂದು ಪಾಲು ಜನಪ್ರಿಯವಾಯಿತು. ಮೆತ್ತನೆಯ ಸಿಲಿಕೋನ್ ಗದ್ದುಗೆಯಿಂದ ಉಬ್ಬುತಗ್ಗಿನ ಮೇಲೂ ಶಾಯಿ ಒತ್ತುವ ಟ್ಯಾಂಪೋ ಮುದ್ರಣ ಬಂದಮೇಲೆ ಅಂಟುಚೀಟಿಯ ಕಾಲ ಮುಗಿಯಿತು. ಆಗ ಗುಣದ ಅಳತೆಯೂ ಬದಲಾಯಿತು. ಬಿದ್ದರೆ ಬಾಳೀತೇ ಎಂಬುದರ ಬದಲು, ಮೂಲವಿಮಾನಕ್ಕೆ ಎಷ್ಟು ನಿಷ್ಠವಾಗಿದೆ ಎಂದು ಕೇಳುವಂತಾಯಿತು.

ಈ ನಿಷ್ಠೆಗೆ ಮನೆಯಲ್ಲಿರುವ ಅಡಿಪಟ್ಟಿಯೇ ಮೊದಲ ಸಾಕ್ಷಿ. ಬೋಯಿಂಗ್ 747ರ ಉದ್ದ 70.6 ಮೀಟರ್, 400ರಲ್ಲಿ ಒಂದು ಪಾಲೆಂದರೆ 17.6 ಸೆಂಟಿಮೀಟರ್ ಇರಬೇಕು. ಬಣ್ಣದ ಪದರ ಮಿಲಿಮೀಟರಿನ ಹತ್ತನೆಯ ಒಂದು ಭಾಗ ದಪ್ಪವಾದರೂ, ನಿಜ ವಿಮಾನದ ಲೆಕ್ಕದಲ್ಲಿ 4 ಸೆಂಟಿಮೀಟರ್ ಗಾರೆ ಬಳಿದಂತಾಯಿತು! ಬಾಗಿಲ ಗೆರೆಗಳು ಅದರಡಿ ಮುಚ್ಚಿಹೋಗುತ್ತವೆ. ರೆಕ್ಕೆ ಒಡಲಿಗೆ ಸೇರುವ ಸಂದು, ಚಕ್ರದ ಕಾಲುಗಳ ನೇರ, ಕಿಟಕಿಗಳ ಸಾಲು ಬಾಗಿಲ ಬಳಿ ಸರಿಯಾಗಿ ಬಿಟ್ಟಿದೆಯೇ ಎಂಬುದು, ಇವೆಲ್ಲವನ್ನೂ ಗಮನಿಸಬೇಕು.

ಎಲ್ಲಕ್ಕಿಂತ ಮಿಗಿಲಾದದ್ದು ಅಚ್ಚು. ಅಚ್ಚು ಕೊರೆಯುವುದಕ್ಕೆ ವೆಚ್ಚ ಬಹಳ. ಆದ್ದರಿಂದ ಒಂದೇ ಅಚ್ಚಿನಿಂದ ಎರೆದು, ಹತ್ತಾರು ಕಂಪನಿಗಳ ಬಣ್ಣ ಬಳಿದು ಮಾರುವುದುಂಟು. ಏರ್ ಇಂಡಿಯಾ 1960ರಲ್ಲಿ ತರಿಸಿದ ಮೊದಲ 707ಗಳಿಗೆ ಇದ್ದುದು ರೋಲ್ಸ್ ರಾಯ್ಸ್ ಕಂಪನಿಯ ಕಾನ್ವೇ ಎಂಜಿನ್: ಸಪೂರ ಒಡಲು, ಸದ್ದು ತಗ್ಗಿಸಲೆಂದು ಹಿಂದೆ ಸುಕ್ಕುಸುಕ್ಕಾದ ಬಾಯಿ. ಬಳಿಕ ಬಂದ ಪ್ರ್ಯಾಟ್ ಆಂಡ್ ವಿಟ್ನಿ ಎಂಜಿನ್ನಿಗೆ ಮುಂದೆ ಅಗಲವಾದ ಕೊರಳಪಟ್ಟಿ. ಮೊದಲಿನ 707 ಎಂದು ಹೇಳಿಕೊಂಡು ಕೊರಳಪಟ್ಟಿಯ ಎಂಜಿನ್ ತೊಟ್ಟ ಮಾದರಿ ಎಷ್ಟು ಹೊಳೆದರೇನು? ಅದು ತಪ್ಪು ವಿಮಾನ.

ಈ ಚರಿತ್ರೆಯನ್ನೆಲ್ಲ ಮನಸ್ಸಿನಲ್ಲಿಟ್ಟುಕೊಂಡು ಕಲೀನಾದ ಮೇಜಿಗೆ ಮರಳೋಣ. ಮೊದಲು ಜಂಬೋವನ್ನು ಕೈಗೆತ್ತಿಕೊಂಡೆವು. ಬಣ್ಣ ನಯವಾಗಿತ್ತು, ಕಿಟಕಿಗಳ ಸುತ್ತ ಏರ್ ಇಂಡಿಯಾದ ಪ್ರಖ್ಯಾತ ಝರೋಕಾ ಕಮಾನುಗಳು ಚೊಕ್ಕವಾಗಿ ಮೂಡಿದ್ದವು. ಮೂಗಿನ ಬಳಿ 'ಎಂಪರರ್ ಅಶೋಕ' ಎಂಬ ಹೆಸರು. ಆದರೆ ರೆಕ್ಕೆಯ ತುದಿಗಳು ಮೇಲಕ್ಕೆ ಮಡಿಸಿದ್ದವು. ಈ ಮಡಿಕೆ 747-400ರ ಗುರುತು. ಆ ಬಗೆಯ ವಿಮಾನ ಸೇವೆಗೆ ಬಂದದ್ದು 1989ರಲ್ಲಿ. ಅಶೋಕ ಬಂದದ್ದು 1971ರಲ್ಲಿ. 1978ರ ಜನವರಿ 1ರ ರಾತ್ರಿ ಇದೇ ಸಾಂತಾಕ್ರೂಜಿನಿಂದ ಮೇಲೇರಿ ಬಾಂದ್ರಾದಾಚೆಯ ಕಡಲಿಗೆ ಬಿದ್ದು, 213 ಜನರೊಂದಿಗೆ ಮುಳುಗಿತು. ಮೊದಲ ಜಂಬೋಗಳಿಗೆ ಸಾಮ್ರಾಟರ ಹೆಸರು, ಅವುಗಳಲ್ಲಿ ನಮ್ಮ ಕೃಷ್ಣದೇವರಾಯನೂ ಒಬ್ಬ. 400ರ ಬಗೆಗೆ ಕೋನಾರ್ಕ್, ಖಜುರಾಹೋ ಎಂಬಂಥ ಸ್ಥಳಗಳ ಹೆಸರು. ಅಂದಮೇಲೆ ಮೇಜಿನ ಮೇಲಿದ್ದದ್ದು ಎಂದೂ ಹಾರದ ವಿಮಾನ.

ಇದನ್ನು ಕೇಳಿ ಆ ತಾಯಿ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಮಗ ಇದನ್ನು ತಂದುಕೊಟ್ಟ ದಿನ ಇವರು ರೆಕ್ಕೆ ನೋಡಿ ಒಳಗೊಳಗೇ ನಕ್ಕಿದ್ದರು. ಏನೆಂದು ಕೇಳಿದರೆ, ಏನಿಲ್ಲ, ಚೆನ್ನಾಗಿದೆ ಅಂದರು" ಎಂದರು.

ಆಮೇಲೆ 707. ಕನ್ನಡಿ ಹಿಡಿದು ನೋಡಿದೆವು: ಬಿರುಕುಗಳೆಲ್ಲ ಬಣ್ಣದಲ್ಲೇ ನಿಂತಿದ್ದವು, ಲೋಹ ಸ್ವಸ್ಥ, ರೆಕ್ಕೆ ನೆಟ್ಟಗೆ. ನಾಲ್ಕೂ ಎಂಜಿನ್ ಸಪೂರ, ಹಿಂಬಾಯಿ ಸುಕ್ಕುಸುಕ್ಕು. ಕಾನ್ವೇ! ಅವರ ಯಜಮಾನರು ಕೆಲಸಕ್ಕೆ ಸೇರಿದ ವರ್ಷ ಕೈಯಾಡಿಸಿದ ಎಂಜಿನ್ ಅದೇ. ವ್ಯಾಪಾರಿ ಗುಜರಿ ಎಂದದ್ದೇ ಸಾಚಾ ವಸ್ತುವಾಗಿತ್ತು.

ಅವರು ಯಾವುದನ್ನೂ ಮಾರಲಿಲ್ಲ. ಜಂಬೋ ಮಗನ ಕಾಣಿಕೆಯಾದ್ದರಿಂದ ಉಳಿಯಿತು. 707 ಮೊಮ್ಮಗಳ ಪಾಲಿಗೆ ಹೋಯಿತು. ಗುಣ ಬೇರೆ, ಬೆಲೆ ಬೇರೆ, ಮಮತೆ ಬೇರೆ. ಆದರೆ ಗುಣ ತಿಳಿದಿದ್ದರೆ ಉಳಿದೆರಡರ ವಿಷಯದಲ್ಲಿ ಮೋಸ ಹೋಗುವುದಿಲ್ಲ.

2024ರ ಏಪ್ರಿಲಿನಲ್ಲಿ ಏರ್ ಇಂಡಿಯಾದ ಜಂಬೋ ಮುಂಬಯಿಯಿಂದ ಕೊನೆಯ ಬಾರಿ ಮೇಲೇರಿತು. ಆ ವಿಮಾನಗಳ ಕೆಳಗೆ ನಿಂತು ದುಡಿದ ಕನ್ನಡಿಗರ ಮನೆಗಳಲ್ಲಿ ಇಂಥ ಮಾದರಿಗಳು ಇನ್ನೂ ಇರಬಹುದು. ಅವುಗಳಿಗೆ ಹೊಸ ಬಣ್ಣ ಬಳಿಸಬೇಡಿ. ಮಳೆಗಾಲದ ತೇವ ತಗುಲದಂತೆ ಇಡಿ. ಹಳೆಯ ಪೆಟ್ಟಿಗೆಯಿದ್ದರೆ ಎಸೆಯಬೇಡಿ. ಯಾರದು, ಯಾವ ವರ್ಷದ್ದು, ಹೇಗೆ ಬಂತು ಎಂದು ಒಂದು ಚೀಟಿಯಲ್ಲಿ ಬರೆದು ಜೊತೆಗಿಡಿ. ಕಲೀನಾದ ಮನೆಯಲ್ಲಿ 707 ಎಲ್ಲಿಂದ ಬಂತೆಂದು ಹೇಳಬಲ್ಲವರು ಅವರೊಬ್ಬರೇ ಆಗಿದ್ದರು. ಅದನ್ನು ಕೇಳಿಟ್ಟುಕೊಳ್ಳಲು ಯಾರಿಗೂ ಹೊಳೆದಿರಲಿಲ್ಲ.