ರವೀಂದ್ರ ಕಲಾಕ್ಷೇತ್ರ

ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ, ಪುರಭವನದ ಸಮೀಪದಲ್ಲಿರುವ ಸರ್ಕಾರಿ ರಂಗಮಂದಿರ. ರವೀಂದ್ರನಾಥ ಠಾಕೂರರ ಜನ್ಮಶತಮಾನೋತ್ಸವದ ನೆನಪಿಗಾಗಿ ಕಟ್ಟಿದ ಇದು 1963ರ ಮಾರ್ಚ್ 12ರಂದು ಉದ್ಘಾಟನೆಗೊಂಡಿತು. ಸುಮಾರು ಸಾವಿರ ಜನ ಕೂತು ನೋಡಬಹುದಾದ ಸಭಾಂಗಣ ಇದರದು.

ಶತಮಾನೋತ್ಸವದ ಅಂಗವಾಗಿ ದೇಶದ ಹಲವು ರಾಜಧಾನಿಗಳಲ್ಲಿ ಕವಿಯ ಹೆಸರಿನ ರಂಗಮಂದಿರಗಳು ಎದ್ದವು. ಹೈದರಾಬಾದಿನ ರವೀಂದ್ರ ಭಾರತಿ ಇದರ ಒಡಹುಟ್ಟು. ಬೆಂಗಳೂರಿನ ಮಟ್ಟಿಗೆ ಆ ಹೆಸರಿಗೆ ಬೇರೊಂದು ಔಚಿತ್ಯವೂ ಇದೆ. 1909ರಲ್ಲಿ ಹುಟ್ಟಿದ ಇಲ್ಲಿನ ಅಮೆಚೂರ್ ಡ್ರಮ್ಯಾಟಿಕ್ ಅಸೋಸಿಯೇಷನ್ ಏರ್ಪಡಿಸಿದ್ದ ಕಲೋತ್ಸವಕ್ಕೆ 1919ರಲ್ಲಿ ಠಾಕೂರರೇ ಬಂದಿದ್ದರು.

ಕಲಾಕ್ಷೇತ್ರಕ್ಕೆ ಮುಂಚೆ ವೃತ್ತಿ ಕಂಪನಿಗಳಿಗೆ ತಮ್ಮದೇ ಥಿಯೇಟರುಗಳಿದ್ದವು, ಊರೂರಿಗೆ ಹೊತ್ತೊಯ್ಯುವ ಟೆಂಟುಗಳಿದ್ದವು. ಹವ್ಯಾಸಿಗಳಿಗೆ ಮಾತ್ರ ನೆಲೆ ಇರಲಿಲ್ಲ. 1935ರ ಪುರಭವನವೇ ಮೊದಲಾಗಿ, ಸಿಕ್ಕ ಸಭಾಂಗಣದಲ್ಲಿ ಪರದೆ ಕಟ್ಟಿ ಆಡಬೇಕಿತ್ತು. ಹೊಸ ಮಂದಿರದಲ್ಲಿ ವಿಶಾಲ ರಂಗ, ಬೆಳಕಿನ ಸೌಕರ್ಯ, ಬಣ್ಣದ ಕೋಣೆ ಎಲ್ಲವೂ ದೊರೆತವು. ಆದರೆ ಚಿಕ್ಕ ತಂಡಕ್ಕೆ ಸಾವಿರ ಕುರ್ಚಿ ತುಂಬಿಸುವುದು ಸುಲಭದ ಮಾತಲ್ಲ. ಹತ್ತಿರದಿಂದ ನೋಡಬೇಕಾದ, ಮೆಲುದನಿಯ ನಾಟಕಗಳನ್ನು ಈ ಸಭಾಂಗಣ ನುಂಗಿಬಿಡುತ್ತದೆ ಎಂಬುದು ನಿಜ.

ಈ ಜಾಗದ ಚರಿತ್ರೆಯಲ್ಲಿ ಅತಿ ಮಹತ್ವದ ತಿರುವು ಬಂದದ್ದು ಕಟ್ಟಡದ ಹಿತ್ತಲಲ್ಲಿ. 1972ರ ಸುಮಾರಿಗೆ ಬಿ.ವಿ. ಕಾರಂತರು ಪಿ. ಲಂಕೇಶರು ಅನುವಾದಿಸಿದ ‘ಈಡಿಪಸ್’, ಲಂಕೇಶರದೇ ‘ಸಂಕ್ರಾಂತಿ’, ಚಂದ್ರಶೇಖರ ಕಂಬಾರರ ‘ಜೋಕುಮಾರಸ್ವಾಮಿ’ ನಾಟಕಗಳನ್ನು ಹಿಂಬದಿಯ ಬಯಲಿನಲ್ಲಿ ಆಡಿಸಿದರು. ‘ಜೋಕುಮಾರಸ್ವಾಮಿ’ಯಲ್ಲಿ ಕಾರಂತ, ಗಿರೀಶ ಕಾರ್ನಾಡ, ಕಂಬಾರ ಮೂವರೂ ಬಣ್ಣ ಹಚ್ಚಿದ್ದರು. ಚೌಕಟ್ಟಿನೊಳಗಿನ ಕೋಣೆಯ ದೃಶ್ಯಕ್ಕೆ ಒಗ್ಗಿದ್ದ ನಗರದ ಕಣ್ಣಿಗೆ ಬಯಲಾಟದ ಹಿಮ್ಮೇಳ, ಕುಣಿತ, ತೆರೆದ ಆಕಾಶ ಒಟ್ಟಿಗೇ ಕಂಡವು. ನವ್ಯದ ಮಾತುಗಾರಿಕೆಯಿಂದ ಕನ್ನಡ ರಂಗಭೂಮಿ ಹಾಡು, ಮೈ, ಗುಂಪುಗಳ ಕಡೆಗೆ ಹೊರಳಿದ್ದಕ್ಕೆ ಒಂದು ಜಾಗ ತೋರಿಸಿ ಎಂದರೆ ಈ ಹಿತ್ತಲನ್ನೇ ತೋರಿಸಬೇಕು. ಮುಂದೆ ಅಲ್ಲಿ ರೂಪುಗೊಂಡ ಮೆಟ್ಟಿಲುಗಳ ಬಯಲು ರಂಗಮಂದಿರಕ್ಕೆ ‘ವಿಗಡ ವಿಕ್ರಮರಾಯ’ದ ಕರ್ತೃ ಸಂಸರ (1898–1939) ಹೆಸರಿಡಲಾಯಿತು. ಬದುಕಿನುದ್ದಕ್ಕೂ ನೆಲೆಯಿಲ್ಲದೆ ಅಲೆದ ನಾಟಕಕಾರನಿಗೆ ಇದಕ್ಕಿಂತ ತಕ್ಕ ಗೌರವ ಬೇರೊಂದಿಲ್ಲ.

ಒಳಗಿನ ರಂಗವೂ ಸುಮ್ಮನಿರಲಿಲ್ಲ. ಕಾರಂತರು ಕಟ್ಟಿದ ಬೆನಕ ತಂಡದ ‘ಸತ್ತವರ ನೆರಳು’ (ಜಡಭರತ) ಹಾಡುಗಳ ಬಲದಿಂದಲೇ ಮತ್ತೆ ಮತ್ತೆ ಜನರನ್ನು ಕರೆತಂದಿತು. 1980ರಲ್ಲಿ ರಂಗಕ್ಕೆ ಬಂದ, ಬಿ.ವಿ. ರಾಜಾರಾಂ ನಿರ್ದೇಶನದ ಕಲಾಗಂಗೋತ್ರಿಯ ‘ಮುಖ್ಯಮಂತ್ರಿ’ ನೂರಾರು ಪ್ರದರ್ಶನ ಕಂಡಿತು. ಪಾತ್ರದ ಹೆಸರೇ ನಟ ಚಂದ್ರು ಅವರಿಗೆ ಕಾಯಂ ಆಯಿತು.

ಕಲಾಕ್ಷೇತ್ರ ನಾಟಕಕ್ಕಷ್ಟೇ ಉಳಿಯಲಿಲ್ಲ. ಪ್ರಶಸ್ತಿ ಪ್ರದಾನ, ಜಯಂತಿ, ಪುಸ್ತಕ ಬಿಡುಗಡೆ, ನೃತ್ಯ, ಸುಗಮ ಸಂಗೀತ, ಸಂಘಗಳ ವಾರ್ಷಿಕೋತ್ಸವ ಎಲ್ಲಕ್ಕೂ ಇದೇ ವೇದಿಕೆ. ಹಿಂಭಾಗದ ಕನ್ನಡ ಭವನದಲ್ಲಿ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಕಚೇರಿಯೂ ‘ನಯನ’ ಎಂಬ ಚಿಕ್ಕ ಸಭಾಂಗಣವೂ ಬಂದವು. ನಾಡಿನ ಲೇಖಕರಿಗೆ, ಕಲಾವಿದರಿಗೆ ಜನ ಕೊನೆಯ ನಮಸ್ಕಾರ ಸಲ್ಲಿಸುವ ಸ್ಥಳವೂ ಇದಾಯಿತು. 2014ರ ಆಗಸ್ಟ್‌ನಲ್ಲಿ ಯು.ಆರ್. ಅನಂತಮೂರ್ತಿಯವರ ಅಂತಿಮ ದರ್ಶನ ನಡೆದದ್ದು ಇಲ್ಲಿಯೇ.

2004ರಲ್ಲಿ ಜೆ.ಪಿ. ನಗರದಲ್ಲಿ ರಂಗಶಂಕರ ತೆರೆದ ಮೇಲೆ ಹಲವು ಹವ್ಯಾಸಿ ತಂಡಗಳು ಅತ್ತ ಹೊರಳಿದವು. ನಾಟಕಕ್ಕೆಂದೇ ಮೀಸಲಾದ, ಆಪ್ತ ಅಳತೆಯ ರಂಗ ಅಲ್ಲಿದೆ. ಆದರೂ ಸರ್ಕಾರಿ ಸಮಾರಂಭಗಳ ನಡುವೆ ನಾಟಕಕ್ಕೆ ದಿನ ಹೊಂದಿಸಿಕೊಳ್ಳುತ್ತ ಕಲಾಕ್ಷೇತ್ರ ಇಂದಿಗೂ ಬಳಕೆಯಲ್ಲಿದೆ. ಸಂಸ ಬಯಲು ರಂಗದಲ್ಲೂ ಪ್ರದರ್ಶನಗಳು ನಡೆಯುತ್ತವೆ.