ಮುಂಬೈ ಬಂದರು ಸ್ಫೋಟ 1944: ಹತ್ತಿಯ ಜೊತೆ ಸಿಡಿಮದ್ದು, ಕೈತಪ್ಪಿದ ಎರಡು ಗಂಟೆ

ಮುಂಬೈ: ದೇಶದಲ್ಲಿ ಪ್ರತಿ ವರ್ಷ ಏಪ್ರಿಲ್ 14ರಿಂದ 20ರವರೆಗೆ ಅಗ್ನಿಶಾಮಕ ಸೇವಾ ಸಪ್ತಾಹ ನಡೆಯುತ್ತದೆ. ಈ ದಿನಾಂಕಕ್ಕೆ ಕಾರಣ ಮುಂಬೈ ಬಂದರಿನ ವಿಕ್ಟೋರಿಯಾ ಡಾಕ್. 1944ರ ಏಪ್ರಿಲ್ 14ರಂದು ಅಲ್ಲಿ ನಿಂತಿದ್ದ 'ಫೋರ್ಟ್ ಸ್ಟಿಕಿನ್' ಎಂಬ ಸರಕು ಹಡಗು ಸ್ಫೋಟಗೊಂಡು, ಬೆಂಕಿ ನಂದಿಸಲು ಹೋಗಿದ್ದ 66 ಅಗ್ನಿಶಾಮಕ ಸಿಬ್ಬಂದಿ ಪ್ರಾಣ ಕಳೆದುಕೊಂಡರು. ಒಟ್ಟು ಸತ್ತವರ ಸಂಖ್ಯೆ 800ರಿಂದ 1,300 ಎಂಬ ಅಂದಾಜಿದೆ.

ಹಡಗಿನಲ್ಲಿ ಏನಿತ್ತು?

ಎರಡನೇ ಮಹಾಯುದ್ಧದ ಸಮಯವದು. ಇಂಗ್ಲೆಂಡಿನಿಂದ ಹೊರಟ ಹಡಗಿನಲ್ಲಿ ಸುಮಾರು 1,400 ಟನ್ ಸಿಡಿಮದ್ದು, ಶಸ್ತ್ರಾಸ್ತ್ರ ಹಾಗೂ ಚಿನ್ನದ ಗಟ್ಟಿಗಳಿದ್ದವು. ಕರಾಚಿಯಲ್ಲಿ ಖಾಲಿಯಾದ ಜಾಗಕ್ಕೆ ಹತ್ತಿ ಬೇಲ್‌ಗಳು, ಎಣ್ಣೆ, ಗಂಧಕ, ಮರದ ದಿಮ್ಮಿಗಳನ್ನು ತುಂಬಲಾಯಿತು. ಕ್ಯಾಪ್ಟನ್ ನೈಸ್ಮಿತ್ ಆಕ್ಷೇಪಿಸಿದರೂ ಯುದ್ಧದ ತುರ್ತಿನಲ್ಲಿ ಅದು ನಡೆಯಲಿಲ್ಲ. ಏಪ್ರಿಲ್ 12ರಂದು ಹಡಗು ಮುಂಬೈ ತಲುಪಿತು.

ಆ ಎರಡು ಗಂಟೆ

14ರ ಮಧ್ಯಾಹ್ನ 2ರ ಸುಮಾರಿಗೆ 2ನೇ ಸರಕು ಕೋಣೆಯಲ್ಲಿ ಬೆಂಕಿ ಇರುವುದು ಗೊತ್ತಾಯಿತು. 900 ಟನ್‌ಗೂ ಹೆಚ್ಚು ನೀರು ಸುರಿದರೂ ದಟ್ಟ ಹೊಗೆಯಲ್ಲಿ ಬೆಂಕಿಯ ಮೂಲ ಸಿಗಲಿಲ್ಲ. ಬಿಗಿಯಾಗಿ ಕಟ್ಟಿದ ಹತ್ತಿ ಒಳಗೊಳಗೇ ಉರಿಯುತ್ತದೆ. ನೀರು ಬೇಲ್‌ನ ಒಳಕ್ಕೆ ಇಳಿಯುವುದಿಲ್ಲ. ಸುರಿದ ನೀರೇ ಕುದಿಯತೊಡಗಿತು. ಹಡಗನ್ನು ಅಲ್ಲೇ ಮುಳುಗಿಸಬೇಕೇ, ಹೊರಗೆ ಎಳೆಸಬೇಕೇ ಎಂಬ ತೀರ್ಮಾನ ಸಕಾಲದಲ್ಲಿ ಆಗಲಿಲ್ಲ. 3.50ಕ್ಕೆ ಹಡಗು ಬಿಡಲು ಆದೇಶವಾಯಿತು. 4.06ಕ್ಕೆ ಮೊದಲ ಸ್ಫೋಟ, ಅರ್ಧ ಗಂಟೆ ಕಳೆದ ಮೇಲೆ ಎರಡನೆಯದು. 1,700 ಕಿ.ಮೀ. ದೂರದ ಶಿಮ್ಲಾದ ಉಪಕರಣಗಳೂ ಕಂಪನ ದಾಖಲಿಸಿದವು. ಉರಿಯುವ ಹತ್ತಿ ಆಕಾಶದಿಂದ ಬಿದ್ದು ಸುತ್ತಲಿನ ಗೋದಾಮು, ಮನೆಗಳಿಗೆ ಬೆಂಕಿ ಹಬ್ಬಿತು. ಸುಮಾರು 80,000 ಜನ ಮನೆ ಕಳೆದುಕೊಂಡರು. ಯುದ್ಧಕಾಲದ ಸೆನ್ಸಾರ್‌ನಿಂದಾಗಿ ದೇಶದ ಪತ್ರಿಕೆಗಳಲ್ಲಿ ಸುದ್ದಿ ಬಂದದ್ದು ಮೇ ತಿಂಗಳಲ್ಲಿ.

ತಡೆಯುವುದು ಹೇಗೆ?

ಉರಿಯುವ ವಸ್ತು, ಗಾಳಿ, ಕಿಡಿ ಅಥವಾ ಶಾಖ ಈ ಮೂರೂ ಸೇರಿದರೆ ಬೆಂಕಿ. ಒಂದನ್ನು ದೂರವಿಟ್ಟರೆ ಬೆಂಕಿ ಇಲ್ಲ. ಇಂದು ಅಪಾಯಕಾರಿ ಸರಕನ್ನು ಒಂಬತ್ತು ವರ್ಗಗಳಾಗಿ ವಿಂಗಡಿಸಿ, ಯಾವುದರ ಪಕ್ಕ ಯಾವುದನ್ನು ಇಡಬಾರದು ಎಂದು ಅಂತಾರಾಷ್ಟ್ರೀಯ ಸಂಹಿತೆ ನಿಗದಿಪಡಿಸಿದೆ.

ಹಡಗಿನಲ್ಲಿ ಸಾಗಿಸುವ ಕಲ್ಲಿದ್ದಲಿಗೂ ಪ್ರತ್ಯೇಕ ನಿಯಮಗಳಿವೆ. ಕಲ್ಲಿದ್ದಲು ಹತ್ತಿಯಂತೆಯೇ ಒಳಗೇ ಬಿಸಿಯೇರಬಲ್ಲದು, ಜೊತೆಗೆ ಮೀಥೇನ್ ಅನಿಲ ಬಿಡುತ್ತದೆ. ಹಾಗಾಗಿ ಸಾಗಣೆಯ ವೇಳೆ ಅನಿಲದ ಮಟ್ಟ ಅಳೆಯುತ್ತಾರೆ, ಧೂಮಪಾನ ನಿಷೇಧಿಸುತ್ತಾರೆ. ಬೆಂಕಿ ಬಿದ್ದರೆ ನೀರು ಸುರಿಯದೆ, ಕೋಣೆ ಮುಚ್ಚಿ ಗಾಳಿ ತಡೆಯುತ್ತಾರೆ. ಗಣಿಯಲ್ಲೂ ತತ್ವ ಇದೇ. ಗಾಳಿಯಲ್ಲಿ ಮೀಥೇನ್ ಶೇ. 5ರಿಂದ 15ರಷ್ಟಿದ್ದರೆ ಒಂದು ಕಿಡಿ ಸಾಕು, ಸ್ಫೋಟವಾಗುತ್ತದೆ. ಆದ್ದರಿಂದ ಫ್ಯಾನ್‌ಗಳಿಂದ ಗಾಳಿ ಹರಿಸಿ ಅನಿಲ ತೆಳುವಾಗಿಸುವುದು, ಕಲ್ಲಿದ್ದಲ ಧೂಳಿನ ಮೇಲೆ ಕಲ್ಲಿನ ಪುಡಿ ಎರಚುವುದು, ಉರಿಯುವ ಭಾಗಕ್ಕೆ ಗೋಡೆ ಕಟ್ಟಿ ಮುಚ್ಚುವುದು ಅಲ್ಲಿನ ಕ್ರಮ.

ಬೆಂಕಿ ಹೊತ್ತಿದ ಮೇಲೆ ಧೈರ್ಯಕ್ಕೆ ಕೊರತೆ ಇರಲಿಲ್ಲ ಎಂಬುದಕ್ಕೆ ಆ 66 ಮಂದಿಯೇ ಸಾಕ್ಷಿ. ತಪ್ಪಾದದ್ದು ಅದಕ್ಕೂ ಮೊದಲು, ಸರಕು ತುಂಬುವಾಗ.